ಶುಕ್ರವಾರದ ಗಂಡಾಂತರ

ಏಷ್ಯನ್ ಟೂರ್ ಎಂಬ ಹೆಸರಿನಲ್ಲಿ ದೇಶದಿಂದ ದೇಶಕ್ಕೆ ಬಿಡಾರ ಬದಲಿಸುತ್ತ ಸಾಗುವ ವೃತ್ತಿಪರ ಪುರುಷರ ಗಾಲ್ಫ್ ಋತುವಿಗೆ ಯಾರಾದರೂ ಪಂಚಾಂಗ ಬರೆಯುವುದಾದರೆ, ಅದರ ಎಲ್ಲ ಶುಕ್ರವಾರಗಳಿಗೂ ಸಾರಾಸಗಟಾಗಿ ಗಂಡಾಂತರ ಯೋಗವನ್ನು ನಮೂದಿಸಿಬಿಡಬಹುದು. ಪಂದ್ಯಾವಳಿ ಗುರುವಾರದಿಂದ ಭಾನುವಾರದವರೆಗೆ ನಡೆಯುತ್ತದೆ. ದಿನಕ್ಕೊಂದು ಸುತ್ತು, ಸುತ್ತಿಗೆ 18 ಹೋಲ್‌ಗಳು. ಸುಮಾರು ನೂರೈವತ್ತು ಮಂದಿ ಆಟ ಆರಂಭಿಸಿದರೂ ಎರಡು ಸುತ್ತು ಮುಗಿಯುತ್ತಲೇ ಮೊದಲ 65 ಸ್ಥಾನಗಳವರನ್ನೂ, ಕೊನೆಯ ಸ್ಥಾನದಲ್ಲಿ ಸಮನಾಗಿ ನಿಂತವರನ್ನೂ ಉಳಿಸಿಕೊಂಡು ಮಿಕ್ಕವರನ್ನು ಬೀಳ್ಕೊಡಲಾಗುತ್ತದೆ. ಈ ವಿಂಗಡಣೆಗೆ ಕಟ್ ಎಂದು ಹೆಸರು. ಕಟ್ ದಾಟದವನಿಗೆ ಬಹುಮಾನದ ಹಣದಲ್ಲಿ ಪಾಲಿಲ್ಲವಾದ್ದರಿಂದ, ಅವನು ಆ ಊರಿಗೆ ಬಂದು ಆಡಿದ್ದಕ್ಕೆ ಸಾಕ್ಷಿಯಾಗಿ ಉಳಿಯುವುದು ಹೋಟೆಲಿನ ಬಿಲ್ಲು ಮಾತ್ರ.

ಗಾಲ್ಫ್ ಶ್ರೀಮಂತರ ಆಟವೆಂಬ ಮಾತು ಕ್ಲಬ್ಬಿನ ಸದಸ್ಯರ ಮಟ್ಟಿಗೆ ನಿಜವಾಗಿರಬಹುದು. ಆಡಿ ಹೊಟ್ಟೆ ಹೊರೆಯುವವರ ಮಟ್ಟಿಗೆ ಅದನ್ನು ತುಸು ತಿದ್ದಿಕೊಳ್ಳಬೇಕಾಗುತ್ತದೆ. ಮೂರು ಲಕ್ಷ ಡಾಲರಿನ ಪಂದ್ಯಾವಳಿಯಲ್ಲಿ ಗೆದ್ದವನ ಪಾಲು ಸಾಮಾನ್ಯವಾಗಿ ಶೇ 18, ಅಂದರೆ 54,000 ಡಾಲರ್. ಅಲ್ಲಿಂದ ಕೆಳಕ್ಕೆ ಮೊತ್ತ ಬಲು ಬೇಗ ಕರಗುತ್ತದೆ. ವಿಮಾನ, ವೀಸಾ, ವಸತಿ, ಮತ್ತು ಚೀಲ ಹೊತ್ತು ನಡೆಯುತ್ತ ಕೇಳಿದಾಗ ಸಲಹೆಯನ್ನೂ ಕೇಳದಾಗ ಮೌನವನ್ನೂ ಒದಗಿಸಬೇಕಾದ ಕ್ಯಾಡಿಯ ಸಂಬಳ, ಇವೆಲ್ಲ ಆಟಗಾರನ ಜೇಬಿನಿಂದಲೇ ಹೋಗಬೇಕು. ಹದಿನಾಲ್ಕು ಕೋಲುಗಳ ಚೀಲವನ್ನು ತಕ್ಕಡಿಯ ಮೇಲಿಟ್ಟು ಹೆಚ್ಚುವರಿ ತೂಕದ ಬಗ್ಗೆ ವಿಮಾನ ಸಂಸ್ಥೆಯ ಸಿಬ್ಬಂದಿಯೊಡನೆ ವಾದಿಸುವ ಕಲೆಯೂ ಈ ವೃತ್ತಿಯ ಅಂಗವೇ ಆಗಿದ್ದು, ಅದಕ್ಕೆ ಯಾವ ತರಬೇತುದಾರನೂ ಇಲ್ಲ.

ಗಂಡಾಂತರವನ್ನು ಲಂಬಿಸುವ ಕೆಲಸಕ್ಕೆ ಆಗ್ನೇಯ ಏಷ್ಯಾದ ಆಕಾಶ ತನ್ನ ಕೈಲಾದ ನೆರವನ್ನು ನೀಡುತ್ತದೆ. ಸಿಂಗಪುರ, ಮಲೇಷ್ಯಾಗಳ ಮಧ್ಯಾಹ್ನಗಳಲ್ಲಿ ಗುಡುಗು ಅಪರೂಪವಲ್ಲ. ಬಟಾಬಯಲಿನಲ್ಲಿ ಲೋಹದ ಕೋಲನ್ನು ತಲೆಯ ಮೇಲೆತ್ತಿ ನಿಲ್ಲುವುದು ಜಾಣತನವೂ ಅಲ್ಲ. ಆದ್ದರಿಂದ ಮಿಂಚು ಸಮೀಪಿಸಿದೊಡನೆ ಸೈರನ್ ಕೂಗುತ್ತದೆ, ಕೂಗಿದೊಡನೆ ಆಟ ಇದ್ದಲ್ಲಿಗೇ ನಿಲ್ಲಬೇಕು. ಮಳೆ ಬಿಡುವಷ್ಟರಲ್ಲಿ ಕತ್ತಲಾಗಿ, ಶುಕ್ರವಾರ ಮುಗಿಯಬೇಕಾದ ಸುತ್ತು ಶನಿವಾರ ಬೆಳಗಿಗೆ ಉರುಳುತ್ತದೆ. ಆಗ ಇಬ್ಬರ ಸ್ಥಿತಿ ವಿಶೇಷ ಅಧ್ಯಯನಕ್ಕೆ ಯೋಗ್ಯವಾದುದು. ಒಬ್ಬನು ಕೊನೆಯ ಹೋಲಿನ ಗ್ರೀನ್ ಮೇಲೆ, ಅಂದರೆ ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲುಹಾಸಿನ ಮೇಲೆ, ಕುಳಿಗೆ ಉರುಳಿಸಬೇಕಾದ ನಾಲ್ಕಡಿಯ ಹೊಡೆತ, ಗಾಲ್ಫ್ ಭಾಷೆಯ ಪಟ್, ಬಾಕಿಯಿರುವಾಗ ಚೆಂಡಿನ ಹಿಂದೆ ಗುರುತಿಟ್ಟು, ಚೆಂಡನ್ನು ಜೇಬಿಗೆ ಹಾಕಿಕೊಂಡು ಹೋಟೆಲಿಗೆ ಹೋಗಿ ರಾತ್ರಿಯಿಡೀ ಆ ನಾಲ್ಕಡಿಯನ್ನೇ ಆಡುತ್ತಿರುತ್ತಾನೆ. ಇನ್ನೊಬ್ಬನು ತನ್ನ ಸುತ್ತನ್ನು ಮಧ್ಯಾಹ್ನವೇ ಮುಗಿಸಿ, ಕಟ್ ರೇಖೆಗಿಂತ ಒಂದೇ ಹೊಡೆತ ಹಿಂದೆ ಉಳಿದು, ಟಿಕೆಟ್ ರದ್ದುಮಾಡಬೇಕೋ ಬೇಡವೋ ಎಂದು ತಿಳಿಯದೆ ಮೊಬೈಲಿನಲ್ಲಿ ಅಂಕಪಟ್ಟಿ ನೋಡುತ್ತ ಕೂತಿರುತ್ತಾನೆ. ಗಾಲ್ಫ್ ಸಜ್ಜನರ ಆಟವಾದ್ದರಿಂದ ಎದುರಾಳಿಯ ಪಟ್ ತಪ್ಪಲೆಂದು ಬಾಯಿಬಿಟ್ಟು ಹಾರೈಸುವಂತಿಲ್ಲ. ಮನಸ್ಸಿನ ವಿಷಯದಲ್ಲಿ ಮಾತ್ರ ನಿಯಮಾವಳಿ ಯಾವ ದಂಡವನ್ನೂ ವಿಧಿಸಿಲ್ಲ.

ಮಿಕ್ಕ ವಿಷಯಗಳಲ್ಲಿ ಆ ನಿಯಮಾವಳಿಗೆ ಮುಂದಾಲೋಚನೆ ಹೆಚ್ಚು. ಚೆಂಡು ಹಾವಿನ ಬಳಿಯಲ್ಲೋ ಜೇನ್ನೊಣಗಳ ನಡುವೆಯೋ ಮೊಸಳೆಯ ಪಕ್ಕದಲ್ಲೋ ನಿಂತರೆ ಆಟಗಾರನು ದಂಡವಿಲ್ಲದೆ ಸುರಕ್ಷಿತ ಜಾಗಕ್ಕೆ ಸರಿದು ಆಡಬಹುದು. ಕಳ್ಳಿಗಿಡದ ಬಳಿ ನಿಂತರೆ ಆ ಸೌಲಭ್ಯವಿಲ್ಲ, ಏಕೆಂದರೆ ಕಳ್ಳಿ ತಾನಾಗಿ ಬಂದು ಚುಚ್ಚುವುದಿಲ್ಲವೆಂಬುದು ಶಾಸ್ತ್ರಕಾರರ ನಿಲುವು. ನಾಯಿ ಚೆಂಡನ್ನು ಕಚ್ಚಿಕೊಂಡು ಹೋದರೆ ಮೊದಲಿದ್ದಲ್ಲಿ ಬೇರೊಂದನ್ನಿಟ್ಟು ಆಡಬಹುದು. ನವಿಲುಗಳು ಓಡಾಡುವ, ಹಳೆಯ ಗೋರಿಗಳು ಮರಗಳ ನಡುವೆ ನಿಂತಿರುವ ದೆಹಲಿ ಗಾಲ್ಫ್ ಕ್ಲಬ್ಬಿನಂಥ ಕಡೆ ಇಂಥ ವಿಧಿಗಳು ಪಾಂಡಿತ್ಯ ಪ್ರದರ್ಶನಕ್ಕಾಗಿ ಬರೆದವು ಎನಿಸುವುದಿಲ್ಲ.

ಆ ಮೈದಾನದಲ್ಲೇ 2015ರ ಇಂಡಿಯನ್ ಓಪನ್ ನಡೆಯಿತು. ಕೊನೆಯ ಸುತ್ತಿಗೆ ಮುನ್ನ ಎಸ್.ಎಸ್.ಪಿ. ಚೌರಾಸಿಯಾ ಅವರಿಗಿಂತ ಏಳು ಹೊಡೆತ ಹಿಂದಿದ್ದ, ಬೆಂಗಳೂರಿನಲ್ಲಿ ಪಳಗಿದ ಅನಿರ್ಬನ್ ಲಾಹಿರಿ ಅಂದು ಸಮಬಲ ಸಾಧಿಸಿ, ಸಮನಾದವರ ನಡುವಿನ ಹೆಚ್ಚುವರಿ ಸ್ಪರ್ಧೆಯಾದ ಪ್ಲೇಆಫ್‌ನಲ್ಲಿ ಗೆದ್ದರು. ಆಗ ವರ್ಷದ ಗಳಿಕೆಯ ಲೆಕ್ಕದಿಂದ ನಿರ್ಧಾರವಾಗುತ್ತಿದ್ದ ಆರ್ಡರ್ ಆಫ್ ಮೆರಿಟ್ ಪಟ್ಟಿಯಲ್ಲೂ ಆ ಋತುವಿನಲ್ಲಿ ಅವರೇ ಮೊದಲಿಗರಾದರು. ರಾಯಲ್ ಕಲ್ಕತ್ತ ಗಾಲ್ಫ್ ಕ್ಲಬ್ಬಿನಲ್ಲಿ ಹುಲ್ಲು ನೋಡಿಕೊಳ್ಳುತ್ತಿದ್ದವರ ಮಗನಾದ ಚೌರಾಸಿಯಾ ಕೂಗಾಡಲಿಲ್ಲ. 2016ರಲ್ಲಿ ಅದೇ ಪ್ರಶಸ್ತಿ ಗೆದ್ದು, 2017ರಲ್ಲಿ ಮತ್ತೆ ಏಳು ಹೊಡೆತಗಳ ಅಂತರದಿಂದಲೇ ಗೆದ್ದು ಬಾಕಿ ಚುಕ್ತಾ ಮಾಡಿದರು. 2012ರಲ್ಲಿ ಇದೇ ಪಂದ್ಯಾವಳಿ ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನಕ್ಕೆ ಬಂದಿತ್ತು. ಗೆದ್ದವರು ಥಾಯ್ಲೆಂಡಿನ ಥಾವೊರ್ನ್ ವಿರಾಚಂತ್, ವಯಸ್ಸು 45. ಅವರು ಕೋಲು ಬೀಸುವ ವೈಖರಿ ಯಾವ ಪಾಠಪುಸ್ತಕಕ್ಕೂ ಒಗ್ಗುವಂಥದ್ದಲ್ಲ, ಮಕ್ಕಳಿಗೆ ತೋರಿಸಲು ಶಿಕ್ಷಕರು ಹಿಂಜರಿಯುವಂಥದ್ದು. ಆ ವರ್ಷದ ಆರ್ಡರ್ ಆಫ್ ಮೆರಿಟ್ ಅಗ್ರಸ್ಥಾನವೂ ಅದೇ ಬೀಸಿಗೆ ಸಂದಿತು.

2021ರ ಅಕ್ಟೋಬರಿನಲ್ಲಿ ಸೌದಿ ಅರೇಬಿಯಾದ ಹಣವುಳ್ಳ ಲಿವ್ ಸಂಸ್ಥೆ ಏಷ್ಯನ್ ಟೂರ್‌ಗೆ ಕೈಜೋಡಿಸಿದ ಮೇಲೆ ಇಂಟರ್‌ನ್ಯಾಷನಲ್ ಸೀರೀಸ್ ಎಂಬ ದೊಡ್ಡ ಮೊತ್ತದ ಪಂದ್ಯಾವಳಿಗಳು ಹುಟ್ಟಿಕೊಂಡವು. ಆದರೆ 2022ರಲ್ಲಿ ಆರಂಭವಾದ ಆ ಸಂಸ್ಥೆಯ ಸ್ವಂತ ಲೀಗ್‌ನಲ್ಲಿ ಆಗ ಇದ್ದದ್ದು 48 ಆಟಗಾರರು, 54 ಹೋಲ್‌ಗಳು. ಕಟ್ ಇರಲಿಲ್ಲ, ಅಂದರೆ ಶುಕ್ರವಾರವನ್ನೇ ರದ್ದುಪಡಿಸಲಾಗಿತ್ತು. ಲಂಡನ್ನಿನಲ್ಲಿ ನಡೆದ ಮೊದಲ ಕೂಟದಲ್ಲಿ ಕಟ್ಟಕಡೆಯವರಾದ ಅಮೆರಿಕದ ಆ್ಯಂಡಿ ಓಗಲ್‌ಟ್ರೀ ಅವರಿಗೆ 1,20,000 ಡಾಲರ್ ದೊರೆಯಿತು. ಏಷ್ಯಾದಲ್ಲಿ ಮೂರು ಲಕ್ಷದ ಪಂದ್ಯಾವಳಿಯನ್ನು ಎರಡು ಸಲ ಗೆದ್ದರೂ ಅಷ್ಟು ಆಗುವುದಿಲ್ಲವೆಂಬುದನ್ನು ಮೇಲಿನ ಲೆಕ್ಕದಿಂದ ಓದುಗರೇ ತಿಳಿಯಬಹುದು. ಅನಂತರ ಅವರು ಏಷ್ಯನ್ ಟೂರ್‌ನ ದಾರಿ ಹಿಡಿದು, ಉಳಿದವರಂತೆ ಕಟ್ ದಾಟುತ್ತ ಬಂದು, 2023ರ ಆರ್ಡರ್ ಆಫ್ ಮೆರಿಟ್‌ನಲ್ಲಿ ಮೊದಲಿಗರಾದರು. ಆಟಗಾರನನ್ನು ತಯಾರು ಮಾಡುವ ವಿಷಯದಲ್ಲಿ ಶುಕ್ರವಾರಕ್ಕೆ ಚೆಕ್ಕು ಸಾಟಿಯಲ್ಲವೆಂದು ಇದರಿಂದ ಸಾಧಿಸುವುದು ಅವಸರದ ತೀರ್ಮಾನವಾದೀತು. ಓಗಲ್‌ಟ್ರೀ ಚೆಕ್ಕನ್ನು ಹಿಂದಿರುಗಿಸಿದ್ದಾಗಿ ಎಲ್ಲೂ ವರದಿಯಾಗಿಲ್ಲ.

ಬೆಂಗಳೂರಿನಲ್ಲಿ ಮುಂದೆ ಇಂಥ ಪಂದ್ಯಾವಳಿ ನಡೆದಾಗ ನೋಡಬಯಸುವವರು ಭಾನುವಾರದ ಗುಂಪಿನಲ್ಲಿ ತಳ್ಳಿಸಿಕೊಳ್ಳುವ ಬದಲು ಶುಕ್ರವಾರ ಮಧ್ಯಾಹ್ನ ಮೂರರ ಮೇಲೆ ಹೋಗಿ ಕೊನೆಯ ಗ್ರೀನ್ ಬಳಿ ನಿಲ್ಲುವುದು ಒಳ್ಳೆಯದು. ಕೊಡೆ ಜತೆಯಲ್ಲಿರಲಿ, ಮೊಬೈಲಿನ ಸದ್ದು ಅಡಗಿರಲಿ. ನಾಲ್ಕಡಿಯ ಪಟ್ ತಪ್ಪಿಸಿಕೊಂಡವನಿಗೆ ಆ ಹೊತ್ತಿನಲ್ಲಿ ಸಮಾಧಾನ ಹೇಳಲು ಮಾತ್ರ ಯಾರೂ ಹೋಗಬಾರದು.