ಅಗ್ರಿಮೆಂಟ್ ಯಾಕೆ ಸಾರ್?

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆಲ್ಲ ಈ ಮಾಲೀಕ ಗೊತ್ತು. ಹತ್ತು ತಿಂಗಳ ಅಡ್ವಾನ್ಸ್ ಎಣಿಸಿ ಜೇಬಿಗಿಳಿಸಿ, ಕಾಫಿ ಲೋಟ ನಮ್ಮತ್ತ ಸರಿಸಿ, "ಅಗ್ರಿಮೆಂಟ್ ಯಾಕೆ ಸಾರ್? ನೀವೇನು ಹೊರಗಿನವರಾ?" ಅನ್ನುತ್ತಾನೆ. ಮನೆ ಬಿಡುವ ದಿನ ಗೋಡೆಯ ಮೊಳೆ ಎಣಿಸುವವನೂ ಅವನೇ.

ಆಸ್ಟ್ರೇಲಿಯಾ ತನ್ನ ಜನರ ಜೊತೆ ಮಾಡುತ್ತಿರುವ ಸಂಸಾರ ಇದೇ. ಅಲ್ಲಿನ 1901ರ ಸಂವಿಧಾನದಲ್ಲಿ ನಮ್ಮ ಮೂರನೇ ಭಾಗದಂಥ ಮೂಲಭೂತ ಹಕ್ಕುಗಳ ಪಟ್ಟಿಯಿಲ್ಲ. ಇಡೀ ದೇಶಕ್ಕೆ ಅನ್ವಯವಾಗುವ ಹಕ್ಕುಗಳ ಸನ್ನದೂ ಇಲ್ಲ. 2009ರಲ್ಲಿ ಸರ್ಕಾರವೇ ನೇಮಿಸಿದ ಸಮಿತಿ ಊರೂರು ಸುತ್ತಿ, 35,000ಕ್ಕೂ ಹೆಚ್ಚು ಅಹವಾಲು ಪಡೆದು, ಮಾನವ ಹಕ್ಕುಗಳ ಕಾಯ್ದೆ ಬೇಕು ಎಂದಿತು. ಸರ್ಕಾರ ಮರುವರ್ಷ ಕಾಯ್ದೆಯ ಬದಲು ಒಂದು 'ಚೌಕಟ್ಟು' ಕೊಟ್ಟಿತು. ಪಟ ಕೇಳಬಾರದು.

ಹಾಗಂತ ಆ ಸಂವಿಧಾನಕ್ಕೆ ಕರುಣೆಯೇ ಇಲ್ಲವೆನ್ನಬೇಡಿ. ಕೇಂದ್ರ ಸರ್ಕಾರ ನಿಮ್ಮ ಆಸ್ತಿ ವಶಪಡಿಸಿಕೊಂಡರೆ ನ್ಯಾಯವಾದ ಬೆಲೆ ತೆರಬೇಕು, ಅಷ್ಟನ್ನು ಬರೆದಿಟ್ಟಿದ್ದಾರೆ. ನಿಮ್ಮನ್ನೇ ವಶಪಡಿಸಿಕೊಂಡರೆ? ಕುವೈತಿನಲ್ಲಿ ಹುಟ್ಟಿದ, ಯಾವ ದೇಶದ ಪ್ರಜೆಯೂ ಅಲ್ಲದ ಪ್ಯಾಲೆಸ್ತೀನಿಯೊಬ್ಬ "ನನ್ನನ್ನು ಹೊರಗೆ ಕಳಿಸಿ" ಎಂದು ತಾನೇ ಕೇಳಿಕೊಂಡ. ಸೇರಿಸಿಕೊಳ್ಳುವ ದೇಶ ಸಿಗಲಿಲ್ಲ. ಅಂಥವನನ್ನು ಎಷ್ಟು ಕಾಲ ಬೇಕಾದರೂ ಕೂಡಿಹಾಕಬಹುದು ಎಂದು ಅಲ್ಲಿನ ಹೈಕೋರ್ಟ್ (ಅವರಿಗೆ ಅದೇ ಸುಪ್ರೀಂ ಕೋರ್ಟ್) 2004ರಲ್ಲಿ 4-3ರ ತೀರ್ಪು ಕೊಟ್ಟಿತು. ಆ ತೀರ್ಪು ಬಿದ್ದದ್ದು 2023ರಲ್ಲಿ. ಪಾಪ, ದನದ ಕೊಟ್ಟಿಗೆಯಾಗಿ ಹುಟ್ಟಿದ್ದರೆ ಪರಿಹಾರವಾದರೂ ಸಿಗುತ್ತಿತ್ತು.

ಇದರ ಬಿಸಿ ಬೆಂಗಳೂರಿಗೂ ತಟ್ಟಿದೆ. ಕೋವಿಡ್ ಕಾಲ. 2021ರ ಮೇ 3ರಿಂದ, ಭಾರತದಿಂದ ತನ್ನ ಮನೆಗೇ ಮರಳುವ ಆಸ್ಟ್ರೇಲಿಯಾ ಪ್ರಜೆಗೆ 5 ವರ್ಷದವರೆಗೆ ಜೈಲು, 66,600 ಡಾಲರ್‌ವರೆಗೆ ದಂಡ ಎಂದು ಆಜ್ಞೆಯಾಯಿತು. ಕಾಂಗರೂ-ಎಮು ಮುದ್ರೆಯ ಪಾಸ್‌ಪೋರ್ಟ್ ಹಿಡಿದು ನಮ್ಮೂರಲ್ಲೇ ಸಿಕ್ಕಿಹಾಕಿಕೊಂಡಿದ್ದ ಹಿರಿಯರೊಬ್ಬರು ಅಲ್ಲಿನ ಕೋರ್ಟಿನ ಬಾಗಿಲು ತಟ್ಟಿದರು. ಪ್ರಜೆಗೆ ಮನೆಗೆ ಬರುವ ಹಕ್ಕಿಲ್ಲವೇ? ಇದೆಯಂತೆ, ಹಳೆಯ ರೂಢಿಗತ ಕಾನೂನಿನಲ್ಲಿ. ಆದರೆ ಸಂಸತ್ತಿನ ಜೈವಿಕ ಸುರಕ್ಷತಾ ಕಾಯ್ದೆ ಬಂದು ಕೂತರೆ ರೂಢಿ ಎದ್ದು ಜಾಗ ಬಿಡಬೇಕು. ಮೇ 10ಕ್ಕೆ ಆ ವಾದ ಬಿದ್ದುಹೋಯಿತು. ಮಾಲೀಕ ಬೀಗ ಬದಲಾಯಿಸಿದ್ದ, ಬಾಡಿಗೆದಾರನ ಕೈಯಲ್ಲಿ ಕಾಗದವಿರಲಿಲ್ಲ.

"ಕಾಗದವಿದ್ದರೆ ಏನು ಮಹಾ?" ಎಂದು ಮಾಲೀಕನ ಕಡೆಯವರು ಕೇಳುತ್ತಾರೆ. ವಿಕ್ಟೋರಿಯಾ ರಾಜ್ಯಕ್ಕೆ 2006ರಿಂದ ಸನ್ನದು ಇದೆ. 2020ರ ಜುಲೈನಲ್ಲಿ ಮೆಲ್ಬರ್ನಿನ ಸರ್ಕಾರಿ ವಸತಿ ಗೋಪುರಗಳಿಗೆ ಮುನ್ಸೂಚನೆಯಿಲ್ಲದೆ ಪೊಲೀಸರನ್ನು ಕಾವಲಿಟ್ಟು ಬಡವರನ್ನು ಒಳಗೇ ಕೂರಿಸಿದಾಗ, ನಮ್ಮ ಲೋಕಾಯುಕ್ತರಂಥ ಒಂಬುಡ್ಸ್‌ಮನ್ ಆ ಸನ್ನದನ್ನೇ ಮುಂದಿಟ್ಟು, ಹಕ್ಕು ಮುರಿದಿದ್ದೀರಿ, ಕ್ಷಮೆ ಕೇಳಿ ಎಂದರು. ಸರ್ಕಾರ ಕೇಳಲಿಲ್ಲ. ಆದರೂ ಅಲ್ಲಿ ಮೊಳೆ ಎಣಿಕೆಗೆ ಒಂದು ರಸೀದಿಯಾದರೂ ಸಿಕ್ಕಿತು.