ಸಿಂಕಾವರೋಧ ಮೀಮಾಂಸೆ: ಒಂದು ಬಹುಶಿಸ್ತೀಯ ಪ್ರವೇಶಿಕೆ

ಪಾತ್ರೆ ತೊಳೆಯುವ ಸಿಂಕಿನಲ್ಲಿ ನೀರು ಇಳಿಯದೆ ನಿಲ್ಲುವುದನ್ನು ಜನಸಾಮಾನ್ಯರು ‘ಪೈಪು ಕಟ್ಕೊಂಡಿದೆ’ ಎನ್ನುತ್ತಾರಾದರೂ, ಹೇಳಿದ ಕೂಡಲೇ ಅರ್ಥವಾಗುವ ಮಾತಿನಿಂದ ವಿಚಾರ ಸಂಕಿರಣ ನಡೆಯುವುದಿಲ್ಲವಾದ್ದರಿಂದ, ಪ್ರಸ್ತುತ ಪ್ರಬಂಧವು ಅದನ್ನು ‘ಸಿಂಕಾವರೋಧ’ವೆಂದು ಕರೆದು, ಚಾಮರಾಜನಗರ ಮತ್ತು ಗುಂಡ್ಲುಪೇಟೆ ಸೀಮೆಯ ಅಡುಗೆಮನೆಗಳ ಪರಿಪ್ರೇಕ್ಷ್ಯದಲ್ಲಿ ಅದರ ತಾತ್ತ್ವಿಕ ನೆಲೆಗಟ್ಟಿನೊಂದಿಗೆ ಮುಖಾಮುಖಿಯಾಗುತ್ತದೆ. (ಮುಖಾಮುಖಿ ಎಂದರೆ ಸಿಂಕಿನಿಂದ ಸಾಕಷ್ಟು ದೂರ ನಿಂತು ಮಾತನಾಡುವುದು.)

ಅವರೋಧದ ಚರಿತ್ರೆಯನ್ನು, ಚಾಮರಾಜನಗರಕ್ಕೆ ಅರಿಕುಠಾರವೆಂಬ ಹೆಸರಿದ್ದ ಕಾಲ ಮತ್ತು 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಅದಕ್ಕೆ ತಮ್ಮ ತಂದೆಯ ಹೆಸರಿಟ್ಟ ಮೇಲಿನ ಕಾಲ ಎಂದು ವಿಭಜಿಸಲಾಗಿದೆ. ನಾಮಕರಣಕ್ಕೂ ಪೈಪಿಗೂ ಯಾವ ಸಂಬಂಧವೂ ಇಲ್ಲ. ಆದರೆ ರಾಜರಿಲ್ಲದ ಕಾಲವಿಭಜನೆ ವಿದ್ವತ್ ಸಭೆಯಲ್ಲಿ ನಿಲ್ಲುವುದಿಲ್ಲ. ನಿಜಕ್ಕೂ ನಡೆದದ್ದಿಷ್ಟೆ: ಸಿಂಕಿಲ್ಲದ ಮನೆಗಳಲ್ಲಿ ಮುಸುರೆ ಪಾತ್ರೆ ಹಿತ್ತಲಿಗೆ ಹೋಗುತ್ತಿತ್ತು, ಹಿಟ್ಟಿನ ಪಾತ್ರೆಗೆ (ಈ ಸೀಮೆಯಲ್ಲಿ ಹಿಟ್ಟೆಂದರೆ ರಾಗಿ ಮುದ್ದೆ) ನೀರು ಹಾಕಿ ನೆನೆಸಿ, ಬಿಟ್ಟುಕೊಂಡ ತಳವನ್ನು ಕಲಗಚ್ಚಿಗೆ ಸುರಿದರೆ ಹಸು ಕುಡಿಯುತ್ತಿತ್ತು, ಬೂದಿ ಬೆರೆತ ನೀರು ಬಾಳೆಯ ಬುಡ ಸೇರುತ್ತಿತ್ತು, ಕಟ್ಟಿಕೊಳ್ಳಲು ಏನೂ ಉಳಿಯುತ್ತಿರಲಿಲ್ಲ.

ಅವರೋಧವು ಪಂಚವಿಧ. ಬೆಂದ ರಾಗಿಯ ಪಿಷ್ಟವು ತಣ್ಣಗಾದಂತೆ ಗಟ್ಟಿಯಾಗಿ ಪೈಪಿನ ಗೋಡೆಗೆ ಅಂಟುವುದು ‘ಪಿಷ್ಟಜ’. ಕೊಳವೆ ಬಾವಿಯ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಸೋಪು ಮತ್ತು ಎಣ್ಣೆಜಿಡ್ಡಿನೊಡನೆ ಸೇರಿ ನೀರಿನಲ್ಲಿ ಕರಗದ ಬಿಳಿ ಗಸಿಯಾಗುವುದು ‘ಸ್ನೇಹಜ’. ಹುಣಸೆ ನಾರು, ಕರಿಬೇವು, ಟೀ ಸೊಪ್ಪುಗಳದ್ದು ಮೂರನೆಯದು. ಉಳಿದೆರಡನ್ನು ಐದರ ಲೆಕ್ಕ ತುಂಬಲೆಂದು ಸೇರಿಸಲಾಗಿತ್ತು. ಒಳಗಿರುವುದೆಲ್ಲ ಕಲೆತು ಒಂದೇ ಕರಿ ಲೋಳೆಯಾಗಿರುವುದರಿಂದ ಅವನ್ನು ಕೈಬಿಡಲಾಗಿದೆ.

ಇನ್ನು ನಿವಾರಣೋಪಾಯ. ಸಿಂಕಿನ ಕೆಳಗಿನ ಬಾಟಲ್ ಟ್ರ್ಯಾಪು, ಮೋರಿಯ ವಾಸನೆ ಮೇಲೆ ಬಾರದಂತೆ ತನ್ನಲ್ಲಿ ಸ್ವಲ್ಪ ನೀರನ್ನು ಸದಾ ಹಿಡಿದಿಟ್ಟುಕೊಳ್ಳುವ ಬಟ್ಟಲಾಗಿದ್ದು, ಗಸಿ ಮೊದಲು ಕೂರುವುದೂ ಅಲ್ಲಿಯೇ. ಕೆಳಗೆ ಬಕೆಟ್ ಇಟ್ಟು, ಬಟ್ಟಲನ್ನು ತಿರುಗಿಸಿ ಬಿಚ್ಚಿ, ಹಳೆಯ ಟೂತ್ ಬ್ರಷ್ಷಿನಿಂದ ಉಜ್ಜಿ, ವಾಶರ್ ಮಡಚಿಕೊಳ್ಳದಂತೆ ಕೂರಿಸಿ ಬಿಗಿಯಬೇಕು. ‘ಶುಚಿತ್ವದ ಸಂಕಥನ’ದ ಕುರಿತು ಪುಟಗಟ್ಟಲೆ ಮಂಡಿಸಿದವರ ಮನೆಯಲ್ಲಿಯೂ ಹೀಗೆ ನೆಲದಲ್ಲಿ ಕೂತು ಬಿಚ್ಚುವುದು ಮನೆಯ ಹೆಂಗಸು ಅಥವಾ ಕೆಲಸಕ್ಕೆ ಬರುವಾಕೆ, ಗಂಡಸರ ಶಾಸ್ತ್ರದಲ್ಲಿರುವುದು ಅಂಗಡಿಯಿಂದ ತಂದ ಪುಡಿಯನ್ನು ಸುರಿದು, ಅದಕ್ಕೆ ಬಗ್ಗದಿದ್ದರೆ ಮೇಲೆ ಆ್ಯಸಿಡ್ಡನ್ನೂ ಸುರಿಯುವ ವಿಧಿ. ಆ ಪುಡಿಯಲ್ಲಿರುವ ಕಾಸ್ಟಿಕ್ ಸೋಡಾಕ್ಕೆ ಆ್ಯಸಿಡ್ ಬಿದ್ದರೆ ಕುದಿದು ಸಿಡಿಯುತ್ತದೆ, ಸಿಡಿದದ್ದು ಬಗ್ಗಿ ನೋಡುವವಳ ಮುಖಕ್ಕೆ.

ಸಿಂಕಿನ ಪೈಪಿನಿಂದ ಜಾರಿದ್ದು ಬೀದಿಯ ಚೇಂಬರಿನಲ್ಲಿ ಕಟ್ಟಿಕೊಳ್ಳುತ್ತದೆ; ಗಾಳಿಯಿಲ್ಲದ ಕಡೆ ಕೊಳೆತು ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲವನ್ನು ಬಿಡುತ್ತದೆ. ಆ ಕಟ್ಟನ್ನು ಬಿಡಿಸಲು ರಕ್ಷಣಾ ಸಾಧನವಿಲ್ಲದೆ ಮನುಷ್ಯನನ್ನು ಒಳಚರಂಡಿಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಆದರೂ 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು, ಹಾಗೆ ಇಳಿದು ಸತ್ತವರ ಕುಟುಂಬದ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಬೇಕಾಯಿತು. ನಿಷೇಧವಾದ ಹತ್ತು ವರ್ಷದ ಮೇಲೂ ಸಾವಿಗೆ ದರ ಪರಿಷ್ಕರಣೆ! ಆ ತೀರ್ಪಿನಲ್ಲಿಯೂ ವಿದ್ವಾಂಸರು ‘ದೇಹ ಮತ್ತು ಅವಕಾಶಗಳ ಅನುಸಂಧಾನ’ವನ್ನು ಗುರುತಿಸಬಲ್ಲರು, ಇಳಿದವನಿಗೆ ಮಾಸ್ಕು ಏಕಿರಲಿಲ್ಲ, ಇಳಿಯೆಂದು ಹೇಳಿದವರು ಯಾರು ಎಂದು ಕೇಳುವುದು ಅವರ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ.