ಸೋಮಾರಿ ಚಿತ್ರ: ಅಳವಡಿಸುವ ಮತ್ತು ಕೆಡಿಸುವ ಕ್ರಮ

ಉಪಯೋಗ: ಜಾಲತಾಣ ಇಟ್ಟುಕೊಂಡಿರುವವರಿಗೆ. ನೀವು ದಸರಾ ಜಂಬೂಸವಾರಿಯ ನಲವತ್ತು ಫೋಟೋಗಳನ್ನು ಒಂದೇ ಪುಟದಲ್ಲಿ ಸುರಿದಿದ್ದೀರಿ. ಓದುಗ ಎರಡು ನೋಡುತ್ತಾನೆ, ಮೂರನೆಯದಕ್ಕೆ ಬೇಸರ ಬಂದು ಹೊರಟುಹೋಗುತ್ತಾನೆ. ಅಷ್ಟರಲ್ಲಿ ಉಳಿದ ಮೂವತ್ತೆಂಟೂ ಅವನ ಡೇಟಾ ಪ್ಯಾಕ್ ತಿಂದಾಗಿರುತ್ತದೆ. ಹಾಗಾಗಬಾರದು, ಅವನು ಕೆಳಗೆ ಸರಿಸುತ್ತ ಹತ್ತಿರ ಬಂದಾಗಷ್ಟೇ ಚಿತ್ರ ತರಿಸಬೇಕು ಅನ್ನುವುದೇ ಈ ಏರ್ಪಾಡು.

ಬೇಕಾಗುವ ಸಾಮಗ್ರಿ: ಹೆಚ್ಚೇನಿಲ್ಲ. ಎಚ್‌ಟಿಎಮ್‌ಎಲ್‌ನ ಇಮೇಜ್ ಟ್ಯಾಗಿನಲ್ಲಿ ‘ಲೋಡಿಂಗ್’ ಮುಂದೆ ‘ಲೇಜಿ’ ಎಂದು ಬರೆದರೆ ಮುಗಿಯಿತು. ಕ್ರೋಮ್‌ಗೆ ಇದು 2019ರಲ್ಲೇ ಅರ್ಥವಾಯಿತು, ಫೈರ್‌ಫಾಕ್ಸ್‌ಗೆ 2020ರಲ್ಲಿ, ಸಫಾರಿಗೆ 2022ರಲ್ಲಿ. ಅದಕ್ಕೂ ಮುಂಚೆ ಚಿತ್ರದ ನಿಜವಾದ ವಿಳಾಸವನ್ನು ಬೇರೆಡೆ ಬಚ್ಚಿಟ್ಟು, ಓದುಗನ ಬೆರಳು ಅಲ್ಲಾಡಿದಾಗಲೆಲ್ಲ ಜಾವಾಸ್ಕ್ರಿಪ್ಟ್‌ನಲ್ಲಿ ಲೆಕ್ಕ ಹಾಕಬೇಕಿತ್ತು. ನಿಮ್ಮ ಡೆವಲಪರ್ ಈಗಲೂ ಅದೇ ಹಳೆಯ ಪ್ಲಗಿನ್ ಹಾಕೋಣ ಅಂದರೆ ಒಪ್ಪಿಕೊಳ್ಳಿ. ಒಂದು ಪದದಲ್ಲಿ ಆಗುವ ಕೆಲಸಕ್ಕೆ ಬಿಲ್ ಬರೆಯುವುದು ಅವರಿಗೂ ಕಷ್ಟ.

ಹಂತ 1. ಕಣ್ಣುಮುಚ್ಚಿ ಎಲ್ಲ ಚಿತ್ರಗಳಿಗೂ ‘ಲೇಜಿ’ ಹಚ್ಚಿ. ಪುಟ ತೆರೆದ ಕೂಡಲೇ ಕಾಣಬೇಕಾದ ಮೇಲಿನ ದೊಡ್ಡ ಚಿತ್ರವನ್ನೂ ಬಿಡಬೇಡಿ. ಸುಮ್ಮನೆ ಬಿಟ್ಟಿದ್ದರೆ ಬ್ರೌಸರ್ ವಿಳಾಸ ಕಂಡ ತಕ್ಷಣ ಅದನ್ನು ತರಲು ಓಡುತ್ತಿತ್ತು. ಈಗ ಸ್ಟೈಲ್‌ಶೀಟ್ ಬಂದು, ಪುಟದ ವಿನ್ಯಾಸ ಕೂಡಿಸಿ, ‘ಇದು ಪರದೆಯಲ್ಲಿದೆಯೋ ಇಲ್ಲವೋ’ ಎಂದು ಖಾತ್ರಿಯಾಗುವವರೆಗೂ ಕೈಕಟ್ಟಿ ಕೂರುತ್ತದೆ. ವರ್ಡ್‌ಪ್ರೆಸ್‌ನವರು 2020ರ 5.5ನೇ ಆವೃತ್ತಿಯಲ್ಲಿ ಹೀಗೇ ಸಾರಾಸಗಟಾಗಿ ಹಚ್ಚಿ, 2022ರ 5.9ರಲ್ಲಿ ಮೊದಲ ಚಿತ್ರಕ್ಕೆ ವಿನಾಯಿತಿ ಕೊಟ್ಟರು. ಅವರು ತಿದ್ದಿಕೊಂಡರು ಅಂತ ನೀವೂ ತಿದ್ದಿಕೊಳ್ಳಬೇಕೆಂದೇನೂ ಇಲ್ಲ.

ಹಂತ 2. ಚಿತ್ರದ ಅಗಲ, ಎತ್ತರ ಬರೆಯಲೇಬೇಡಿ. ಈ ಕೈಪಿಡಿಯ ಜೀವಾಳವೇ ಇದು. ಮದುವೆ ಊಟದಲ್ಲಿ ಬಡಿಸುವವರು ಎಲೆಯ ಮೇಲೆ ಅನ್ನಕ್ಕೆ ಜಾಗ ಬಿಟ್ಟೇ ಪಲ್ಯ, ಕೋಸಂಬರಿ ಹಾಕುತ್ತಾರೆ. ಅಳತೆ ಕೊಟ್ಟರೆ ಬ್ರೌಸರ್ ಕೂಡ ಚಿತ್ರ ಬರುವ ಮೊದಲೇ ಅಷ್ಟು ಜಾಗ ಕಾದಿರಿಸುತ್ತದೆ. ಕೊಡದಿದ್ದರೆ ಆ ಚಿತ್ರದ ಎತ್ತರ ಸೊನ್ನೆ. ಓದುಗ ಗೊಜ್ಜಿನ ಪಾಕವಿಧಾನ ಓದುತ್ತ ‘ಹುಣಸೆರಸ ಕುದಿ ಬಂದ ಮೇಲೆ’ ಅನ್ನುವಲ್ಲಿಗೆ ಬಂದಿರುತ್ತಾನೆ. ಮೇಲೆಲ್ಲೋ ಒಂದು ಚಿತ್ರ ಧುತ್ತೆಂದು ಬಂದು ಕೂರುತ್ತದೆ, ಸಾಲು ಕೆಳಗೆ ಹಾರುತ್ತದೆ. ಹುಡುಕಿಕೊಂಡು ಹೋಗಿ ‘ಮುಂದಿನ ಪುಟ’ ಒತ್ತಲು ಹೆಬ್ಬೆರಳು ಇಳಿಸುವಷ್ಟರಲ್ಲಿ ಇನ್ನೊಂದು ಬರುತ್ತದೆ. ಬೆರಳು ಬಿದ್ದದ್ದು ಸಾಲ ಕೊಡುವ ಆ್ಯಪಿನ ಜಾಹೀರಾತಿನ ಮೇಲೆ. ಈ ಕುಣಿತವನ್ನು ಅಳೆಯಲು ಗೂಗಲ್ ‘ಕ್ಯುಮುಲೇಟಿವ್ ಲೇಔಟ್ ಶಿಫ್ಟ್’ ಎಂಬ ಅಂಕ ಇಟ್ಟಿದೆ, 0.1ರೊಳಗಿದ್ದರೆ ಒಳ್ಳೆಯ ಪುಟ. ಜಾಹೀರಾತಿನ ಕ್ಲಿಕ್ಕು ಎಣಿಸುವವರು ಬೇರೆ ಅಂಕ ನೋಡುತ್ತಾರೆ.

ಹಂತ 3. ಚಿತ್ರ ಪರದೆಗೆ ಕಾಲಿಟ್ಟ ಮೇಲೆಯೇ ತರಿಸಿ. ಕ್ರೋಮ್ ಮುಂದಾಲೋಚನೆಯದು: ಚಿತ್ರ ಪರದೆಯಿಂದ ಎಷ್ಟು ದೂರವಿರುವಾಗಲೇ ತರಬೇಕೆಂದು 2020ರಲ್ಲಿ ಅದು ಗೊತ್ತುಮಾಡಿಕೊಂಡ ಅಂತರ 4ಜಿಯಲ್ಲಿ 1250 ಪಿಕ್ಸೆಲ್, 3ಜಿಯಲ್ಲಿ 2500. ಅಂದರೆ ನೆಟ್‌ವರ್ಕ್ ನಿಧಾನವಾದಷ್ಟೂ ಬೇಗ ಹೊರಡುತ್ತದೆ. ನಿಮ್ಮ ಸ್ವಂತ ಸ್ಕ್ರಿಪ್ಟಿನಲ್ಲಿ ಈ ಅಂತರವನ್ನು ಸೊನ್ನೆ ಮಾಡಿ. ಓದುಗ ಕಾಯುತ್ತ ಕೂರಲಿ.

ಎಚ್ಚರಿಕೆ (ಇದು ಮಾತ್ರ ನಿಜವಾದದ್ದು): ಎಲ್ಲವನ್ನೂ ಸರಿಯಾಗಿ ಮಾಡಿದರೂ ಒಂದು ತೊಡಕು ಉಳಿಯುತ್ತದೆ. ಸಕಲೇಶಪುರದಲ್ಲಿ ಪುಟ ತೆರೆದಿಟ್ಟುಕೊಂಡು ಸುಬ್ರಹ್ಮಣ್ಯದ ಕಡೆ ರೈಲಿನಲ್ಲಿ ಘಟ್ಟ ಇಳಿಯುವವನಿಗೆ ಸುರಂಗದೊಳಗೆ ಅಕ್ಷರ ಸಿಗುತ್ತದೆ, ಕೆಳಗಿನ ಚಿತ್ರ ಸಿಗುವುದಿಲ್ಲ. ಪೂರ್ತಿ ಇಳಿಸಿಕೊಂಡು ಆಮೇಲೆ ನಿಧಾನವಾಗಿ ಓದುವ ಹಳೆಯ ಅಭ್ಯಾಸಕ್ಕೆ ಈ ಏರ್ಪಾಡಿನಲ್ಲಿ ಜಾಗವಿಲ್ಲ. ಇನ್ನೊಂದು ತೊಡಕು: ಯಾವ ಚಿತ್ರವನ್ನು ಬ್ರೌಸರ್ ಯಾವಾಗ ಕೇಳಿತು ಎಂಬುದರಿಂದ ಓದುಗ ಎಲ್ಲಿಯವರೆಗೆ ಓದಿದ ಎಂಬುದೂ ಸರ್ವರ್‌ಗೆ ಗೊತ್ತಾಗುತ್ತದೆ. ಆ ಕಾರಣಕ್ಕೇ, ಜಾವಾಸ್ಕ್ರಿಪ್ಟ್ ಆಫ್ ಮಾಡಿಟ್ಟವರ ಬ್ರೌಸರ್ ‘ಲೇಜಿ’ಗೆ ಕಿವಿಗೊಡದೆ ಎಲ್ಲ ಚಿತ್ರವನ್ನೂ ಒಟ್ಟಿಗೇ ತರಿಸಬೇಕೆಂಬ ನಿಯಮವಿದೆ.

ಪರೀಕ್ಷೆ: ಆಫೀಸಿನ ವೈಫೈನಲ್ಲಿ, ಹೊಸ ಫೋನಿನಲ್ಲಿ, ಹಿಂದಿನ ದಿನ ನೋಡಿದ್ದ ಪುಟವನ್ನೇ ತೆರೆಯಿರಿ. ಚಿತ್ರಗಳು ಕ್ಯಾಶ್‌ನಿಂದ ಎದ್ದು ಬರುತ್ತವೆ. ‘ಚೆನ್ನಾಗಿದೆ’ ಎಂದು ಸಹಿ ಹಾಕಿ. ತಂಡದಲ್ಲಿ ಯಾರಾದರೂ ಡೆವಲಪರ್ ಟೂಲ್ಸ್ ತೆರೆದು ‘ಒಮ್ಮೆ 3ಜಿ ವೇಗಕ್ಕೆ ಇಳಿಸಿ ನೋಡೋಣವಾ ಸರ್’ ಅಂದರೆ, ಅವರನ್ನು ಸೋಮವಾರದಿಂದ ಬೇರೆ ಪ್ರಾಜೆಕ್ಟಿಗೆ ಹಾಕಿ.